ನಾಲ್ಕು ಇಲಾಖೆ ಕೂತ ಪಂಕ್ತಿ

ನಾನು ಮೊದಲು ಕಲಿತ ದನಿ ಮನುಷ್ಯರದ್ದಲ್ಲ, ಸಂಡೂರಿನ ಗಣಿಯ ಸೈರನ್ನಿನದು. ಬಂಡೆ ಸಿಡಿಸುವ ಮುಂಚೆ ಅದು ಊದುತ್ತಿತ್ತು. ಊದಿದ ಕೂಡಲೇ ನಮ್ಮ ಓಣಿಯ ಹೆಂಗಸರು ಹಲಗೆಯ ಮೇಲಿನ ಗಾಜಿನ ಲೋಟಗಳನ್ನು ಕೆಳಗಿಳಿಸಿ, ಕಾಯಲಿಟ್ಟ ಹಾಲಿಗೆ ಮುಚ್ಚಳ ಹಾಕಿ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಗುಡ್ಡ ಗುಡುಗುತ್ತಿತ್ತು, ಮಾಡಿನಿಂದ ಕೆಂಪು ಪುಡಿ ಉದುರುತ್ತಿತ್ತು, ಲೋಟಗಳು ಮತ್ತೆ ಹಲಗೆ ಏರುತ್ತಿದ್ದವು. ಒಂದು ರಜೆಯ ಮಧ್ಯಾಹ್ನ ನಾನು ಬಾಯಿಗೆ ಎರಡೂ ಕೈ ಹಿಡಿದು ಆ ಸೈರನ್ ಊದಿದೆ. ಇಡೀ ಓಣಿ ಲೋಟ ಇಳಿಸಿತು. ಗುಡ್ಡ ಗುಡುಗಲಿಲ್ಲ. ಗುಡುಗಿದ್ದು ಅವ್ವ. ಬೆನ್ನಿಗೆ ಬಿದ್ದ ಆ ಏಟನ್ನು ನಾನು ಇವತ್ತಿಗೂ ನನಗೆ ಸಿಕ್ಕ ಮೊದಲ ಚಪ್ಪಾಳೆ ಅಂತಲೇ ತಿಳಿದಿದ್ದೇನೆ.

ಈಗ ನಾನು ಟಿ.ಬಿ. ಡ್ಯಾಂನಲ್ಲಿ ಮೀನುಗಾರಿಕೆ ಇಲಾಖೆಯ ಬೋಟು ಓಡಿಸುತ್ತೇನೆ. ಕಾಯಂ ನೌಕರನಲ್ಲ, ಹೊರಗುತ್ತಿಗೆಯವನು. ವರ್ಷಕ್ಕೊಮ್ಮೆ ನನ್ನನ್ನು ಬೇಕೋ ಬೇಡವೋ ಅಂತ ಯಾರೋ ಎಲ್ಲೋ ಕೂತು ಯೋಚಿಸುತ್ತಾರೆ, ಇಲ್ಲಿಯವರೆಗೆ ಬೇಕು ಅಂದಿದ್ದಾರೆ. ಸಮುದ್ರ ಇರುವ ಜಿಲ್ಲೆಗಳಲ್ಲಿ ನೀರು ಕಾಯಲಿಕ್ಕೇ ಬೇರೆ ಪೊಲೀಸು, ಬೇರೆ ಪಡೆ, ಬಿಳಿ ಹಡಗು ಎಲ್ಲ ಇರುತ್ತವಂತೆ. ನಮಗೆ ಸಮುದ್ರವಿಲ್ಲ, ತುಂಗಭದ್ರೆ ಇದ್ದಾಳೆ. ಅವಳನ್ನು ಕಾಯುವವರು ನಾಲ್ಕು ಇಲಾಖೆಯವರು. ಹರಿಯುವ ನೀರು ನೀರಾವರಿಯವರದು. ನೀರೊಳಗಿನ ಮೀನು ನಮ್ಮದು. ಆ ಮೀನು ತಿನ್ನುವ ನೀರುನಾಯಿ ಅರಣ್ಯದವರದು. ಆ ಮೀನು ಕದಿಯುವ ಮನುಷ್ಯ ಪೊಲೀಸರವನು. ಬೋಟು ಇರುವುದು ನಮ್ಮಲ್ಲಿ, ಅದಕ್ಕೆ ಡೀಸೆಲ್ ಇರುವುದು ಪೊಲೀಸರಲ್ಲಿ, ತೊಡುವ ಜಾಕೆಟ್ಟುಗಳು ನೀರಾವರಿಯವರ ಗೋದಾಮಿನಲ್ಲಿ, ನದಿಗಿಳಿಯಲು ಅಪ್ಪಣೆ ಅರಣ್ಯದಲ್ಲಿ. ಡ್ಯಾಂನ ಕೆಳಗಿನ ಹೊಳೆಗೆ ಹೋಗಬೇಕೆಂದರೆ ಬೋಟನ್ನು ಟ್ರೇಲರ್ ಮೇಲೆ ಹೇರಿ ಜೀಪಿಗೆ ಕಟ್ಟಿ ಎಳೆಯಬೇಕು. ಹೀಗಾಗಿ ನಮ್ಮ ಬೋಟು ನೀರಿಗಿಂತ ಹೊಸಪೇಟೆಯ ರಸ್ತೆಯನ್ನೇ ಹೆಚ್ಚು ಕಂಡಿದೆ.

ನಾಲ್ಕೂ ಇಲಾಖೆಯ ಸಾಹೇಬರ ದನಿ ನನಗೆ ಬಾಯಿಪಾಠ. ನಮ್ಮ ಮೀನುಗಾರಿಕೆಯ ಸಾಹೇಬರು ಆಗ ನಿವೃತ್ತಿಯ ಹತ್ತಿರದಲ್ಲಿದ್ದವರು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ಬಸ್ಸು ಬಂದು ಹೋಗುವಷ್ಟು ಬಿಡುವು ಕೊಡುತ್ತಾರೆ. ಅರಣ್ಯದವರು ಮೊದಲು ದರೋಜಿಯ ಕರಡಿಧಾಮದಲ್ಲಿದ್ದವರು. ಕರಡಿ ಎದ್ದೀತು ಅಂತ ಅಲ್ಲಿ ಅಭ್ಯಾಸವಾದ ಪಿಸುದನಿಯಲ್ಲೇ ಇಲ್ಲಿ ಚಹಾ ಹೇಳುತ್ತಾರೆ. ನೀರಾವರಿಯ ಇಂಜಿನಿಯರು ಸರಹದ್ದಿನ ಕಡೆಯವರು, ಕನ್ನಡದಲ್ಲಿ ಶುರು ಮಾಡಿದ ಮಾತು ತೆಲುಗಿನಲ್ಲಿ ಮುಗಿದು ನಡುವೆ ಎಷ್ಟು ಕ್ಯೂಸೆಕ್ ಅಂತ ತಿಳಿಸಿರುತ್ತದೆ. ಠಾಣೆಯ ಎಸ್.ಐ. ಮಂಡ್ಯದ ಕಡೆಯಿಂದ ಹೊಸದಾಗಿ ಬಂದ ತರುಣ. ಅವರಿಗೆ ನಮ್ಮ ಮಾತು ಜಗಳದ ಹಾಗೆ, ನಮಗೆ ಅವರ ಮಾತು ಲಾಲಿಯ ಹಾಗೆ ಕೇಳುತ್ತಿತ್ತು. ಈ ನಾಲ್ವರೂ ಒಬ್ಬರಿಗೊಬ್ಬರು ಮಾತಾಡಿದ್ದನ್ನು ಜನ ಕೇಳಿದ್ದು ನನ್ನ ಬಾಯಲ್ಲೇ. ನಿಜವಾಗಿ ಅವರು ಕೂಡಿ ಮಾತಾಡಿದ್ದೇ ಇರಲಿಲ್ಲ. ತಿಂಗಳ ಸಭೆಗೆ ಬರುತ್ತಿದ್ದರು, ತಂತಮ್ಮ ವಿಷಯ ಬಂದಾಗ ಹೇಳಿ, ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಕೊನೆಯಲ್ಲಿ ಉಳಿಯುತ್ತಿದ್ದವನು ಬಿಸ್ಕತ್ತಿನ ತಟ್ಟೆ ಎತ್ತುವ ನಾನು.

ಹಂಪಿಗೂ ಕಂಪ್ಲಿಗೂ ನಡುವಿನ ಹೊಳೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವ ಒಬ್ಬ ತಾಯಿ ಇದ್ದಾಳೆ. ನನಗೆ ರಕ್ತಸಂಬಂಧವಿಲ್ಲ, ಆದರೂ ದೊಡ್ಡವ್ವ ಅನ್ನುತ್ತೇನೆ. ಅವಳು ನನ್ನನ್ನು ಗಿಣಿ ಅನ್ನುತ್ತಾಳೆ. ದೊಡ್ಡಪ್ಪ ಹುಟ್ಟು ಹಾಕುವುದು, ದೊಡ್ಡವ್ವ ಬಲೆ ಬಿಡುವುದು, ಇದು ಅವರ ಸಂಸಾರದ ಏರ್ಪಾಡು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೋಟನ್ನು ಬಂಡೆಗೆ ಹತ್ತಿಸಿ ಕೂತಿದ್ದಾಗ ಹಗ್ಗ ಹಾಕಿ ಎಳೆದವಳು ಅವಳು. ಎಳೆದು, ರೊಟ್ಟಿ ಕೊಟ್ಟು, ಇಂಜಿನ್ ಇರುವ ಬೋಟನ್ನು ಬಿದಿರಿನ ಬುಟ್ಟಿ ಎಳೆದು ತಂದಿತೆಂದು ಎರಡೂ ದಂಡೆಗೆ ಸಾರಿದವಳೂ ಅವಳೇ. ನಾನು ಎಲ್ಲರನ್ನೂ ಅಣಕಿಸುತ್ತೇನೆ, ನನ್ನನ್ನು ಅಣಕಿಸಲು ಊರಿನಲ್ಲಿ ಒಬ್ಬರಾದರೂ ಇರಲಿ ಅಂತ ದೇವರು ಅವಳನ್ನು ಇಟ್ಟಿರಬೇಕು.

ಬೇಸಿಗೆ ಮುಗಿಯುವ ಹೊತ್ತು. ಹೊಳೆ ಇಳಿದು ಬಂಡೆಗಳ ನಡುವೆ ಮಡುಗಳಷ್ಟೇ ಉಳಿದಿದ್ದವು. ಅಂಥ ಕಾಲದಲ್ಲಿ ಕೆಲವರು ಮಡುವಿಗೆ ಮದ್ದು ಎಸೆಯುತ್ತಾರೆ. ಎಲ್ಲೋ ಕಲ್ಲುಕ್ವಾರಿಯಿಂದ ಜಾರಿ ಬಂದ ಮದ್ದು. ನೀರು ಒಮ್ಮೆ ಉಬ್ಬಿ ಇಳಿಯುತ್ತದೆ, ಮೀನು, ಮರಿ, ಮೊಟ್ಟೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಸಂಡೂರಿನಲ್ಲಿ ಬೆಳೆದ ನನಗೆ ಅದರಲ್ಲಿ ತಪ್ಪಾಗಿ ಕಾಣುವುದು ಒಂದು ವಿಚಿತ್ರ ಸಂಗತಿ: ನೀರಿನಲ್ಲಿ ಯಾರೂ ಸೈರನ್ ಊದುವುದಿಲ್ಲ. ಲೋಟ ಇಳಿಸಲು ಮೀನಿಗೆ ಹೊತ್ತೇ ಸಿಗುವುದಿಲ್ಲ.

ಅವತ್ತು ಬೆಳಿಗ್ಗೆ ಸದ್ದು ಕೇಳಿದ ಯಾರೋ ಪುಣ್ಯಾತ್ಮರು ನಾಲ್ಕೂ ಇಲಾಖೆಗೆ ಫೋನ್ ಮಾಡಿದರು. ಮೊದಲು ಹೋದದ್ದು ಪೊಲೀಸರು. ಮದ್ದು ಎಸೆದವರು ಓಡಿಹೋಗಿದ್ದರು. ಸತ್ತ ಮೀನುಗಳ ನಡುವೆ ಇದ್ದದ್ದು ಒಂದೇ ಹರಿಗೋಲು, ದೊಡ್ಡವ್ವನದು. ಹಿಂದಿನ ಸಂಜೆ ಬಿಟ್ಟಿದ್ದ ಬಲೆ ಎತ್ತಲು ಅವಳು ಬಂದಿದ್ದಳು. ಬಲೆ ಸಿಡಿತಕ್ಕೆ ಹರಿದು ದೊಡ್ಡ ಬಂಡೆಯ ಅಡಿ ಸಿಕ್ಕಿಹಾಕಿಕೊಂಡಿದೆ, ನನ್ನ ಬಲೆಗೆ ನಾನೇ ಮದ್ದು ಇಡುತ್ತೇನೇನು ಅಂತ ಅವಳು ಹೇಳಿದಳು. ಎಸ್.ಐ. ಕೆಟ್ಟವರಲ್ಲ, ಹೊಸಬರು. ಸ್ಥಳದಲ್ಲಿ ಸಿಕ್ಕ ವಸ್ತುವನ್ನು ಬಿಟ್ಟು ಬರುವಂತಿಲ್ಲ ಅಂತ ಹರಿಗೋಲನ್ನು ಠಾಣೆಗೆ ತಂದರು. ನಾವು ಟ್ರೇಲರ್ ಎಳೆದುಕೊಂಡು ಮುಟ್ಟಿದಾಗ ದಂಡೆಯಲ್ಲಿ ಕಾಗೆಗಳಷ್ಟೇ ಇದ್ದವು. ಅರಣ್ಯದವರು ಸಂಜೆಗೆ, ಇಂಜಿನಿಯರು ಮರುದಿನಕ್ಕೆ ಬಂದರು.

ದೊಡ್ಡವ್ವನ ಕಷ್ಟ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಮಳೆಗಾಲದ ಮೊದಲಲ್ಲಿ ಮೀನು ಮರಿ ಮಾಡುವ ಹೊತ್ತಿಗೆ ಮೀನು ಹಿಡಿಯುವುದನ್ನು ನಿಲ್ಲಿಸುತ್ತೇವೆ. ಆ ನಿಷೇಧ ಮುಗಿದಾಗ, ಯಾರ ಹರಿಗೋಲು ದಂಡೆಯಲ್ಲಿ ಸಿದ್ಧವಾಗಿರುತ್ತದೋ ಅವರಿಗೆ ಹೊಳೆಯ ಆ ಭಾಗದ ಪರವಾನಗಿ. ಹರಿಗೋಲು ತೋರಿಸದಿದ್ದರೆ ಆ ಭಾಗ ಬೇರೆಯವರಿಗೆ ಹೋಗುತ್ತದೆ, ಮುಂದಿನ ವರ್ಷದವರೆಗೆ ತಿರುಗಿ ನೋಡುವಂತಿಲ್ಲ. ದೊಡ್ಡಪ್ಪ ಆಗಲೇ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಹೋಗಿದ್ದ. ಹುಟ್ಟು ಹಾಕಿ ಹಾಕಿ ಬಾಗಿದ ಬೆನ್ನಿಗೆ ಚೀಲ ಕೂರುತ್ತಿರಲಿಲ್ಲ.

ಹರಿಗೋಲು ಬಿಡಿಸಲು ದಾರಿ ಒಂದೇ ಇತ್ತು. ನಾಲ್ಕೂ ಇಲಾಖೆಯವರು ಕೂಡಿ ಸ್ಥಳಕ್ಕೆ ಹೋಗಿ, ಬಂಡೆಯ ಅಡಿಯ ಬಲೆಯನ್ನು ಎತ್ತಿ ನೋಡಿ, ಅದು ಅವಳದೇ, ಸಿಡಿತಕ್ಕೇ ಹರಿದದ್ದು ಅಂತ ಒಪ್ಪಬೇಕು. ಇದಕ್ಕೆ ಜಂಟಿ ಪರಿಶೀಲನೆ ಅಂತ ಹೆಸರು. ಹೆಸರು ಎಲ್ಲರಿಗೂ ಗೊತ್ತಿತ್ತು. ನಾಲ್ವರೂ ಬಂದರು ಕೂಡ, ಆದರೆ ಬೇರೆ ಬೇರೆ ದಿನ. ನಮ್ಮ ಸಾಹೇಬರು ನನ್ನ ಬೋಟಿನಲ್ಲಿ ಹೋಗಿ, ನೀರೊಳಗೆ ಬಲೆ ಕಾಣುತ್ತದೆ, ಎತ್ತುವುದು ಪೊಲೀಸರ ಕೆಲಸ ಅಂದರು. ಎಸ್.ಐ. ಬಂದ ದಿನ ಆ ಬಂಡೆಯ ಸಂದಿಯಲ್ಲಿ ನೀರುನಾಯಿಗಳ ಸಂಸಾರ ಇರುವುದು ತಿಳಿಯಿತು. ಅರಣ್ಯದವರಿಲ್ಲದೆ ಕೈ ಹಾಕಿದರೆ ನನ್ನ ಮೇಲೇ ಕೇಸು ಕಣಯ್ಯ ಅಂತ ಅವರು ಹಿಂದೆ ಸರಿದರು. ಅರಣ್ಯದವರನ್ನು ಕರೆದೊಯ್ದಾಗ ಅರ್ಧ ದಾರಿಯಲ್ಲೇ ಇಂಜಿನ್ ನಿಲ್ಲಿಸಲು ಹೇಳಿದರು. ಸಿಡಿತಕ್ಕೆ ಓಡಿಹೋದ ನೀರುನಾಯಿಗಳು ಮೊನ್ನೆ ಮೊನ್ನೆ ಮರಳಿವೆ, ಇಂಜಿನ್ ಸದ್ದು ಕೂಡದು, ಹರಿಗೋಲಿನಲ್ಲಾದರೆ ಸರಿ ಅಂತ ಪಿಸುಗುಟ್ಟಿದರು. ಜಪ್ತಿಯ ಭಯಕ್ಕೆ ಬೇರೆ ಯಾರೂ ಹರಿಗೋಲು ಕೊಡುವುದಿಲ್ಲ, ದೊಡ್ಡವ್ವನದು ಠಾಣೆಯಲ್ಲಿದೆ ಅಂತ ನಾನೂ ಪಿಸುಗುಟ್ಟಿದೆ. ಅಣಕಿಸುತ್ತಿದ್ದೇನೆ ಅಂದುಕೊಂಡು ಸಿಟ್ಟಾದರು. ಇಂಜಿನಿಯರು ದಂಡೆಯ ಮೇಲೇ ನಿಂತು ನೀರಿನ ಮಟ್ಟ ಬರೆದುಕೊಂಡು, ಉಳಿದ ಮೂವರು ಬಂದ ದಿನ ತಾನೂ ಬರುವುದಾಗಿ ಹೇಳಿ ಹೋದರು. ನಾಲ್ಕು ಬಿಡಿ ಪರಿಶೀಲನೆ ಕೂಡಿಸಿದರೆ ಒಂದು ಜಂಟಿ ಪರಿಶೀಲನೆ ಆಗುವುದಿಲ್ಲ ಅನ್ನುವುದು ಹೀಗೆ ನನಗೆ ತಿಳಿಯಿತು.

ಅತ್ತ ಠಾಣೆಯ ಅಂಗಳದಲ್ಲಿ ಹರಿಗೋಲನ್ನು ಬಾಯಿ ಮೇಲೆ ಮಾಡಿ ಬಿಸಿಲಿಗೆ ಇಟ್ಟಿದ್ದರು. ಅದನ್ನು ನೆರಳಿನಲ್ಲಿ ಬೋರಲು ಹಾಕಬೇಕು, ಇಲ್ಲದಿದ್ದರೆ ಬಳಿದ ಡಾಂಬರು ಕರಗಿ ಬಿರುಕು ಬಿಡುತ್ತದೆ. ದೊಡ್ಡವ್ವ ಹೋಗಿ ಹೇಳುವಷ್ಟರಲ್ಲಿ ಠಾಣೆಯ ನಾಯಿ ಅದರೊಳಗೆ ಮರಿ ಹಾಕಿತ್ತು. ಈಗ ಬೋರಲು ಹಾಕುವಂತೆಯೂ ಇಲ್ಲ. ಮುಖ್ಯಪೇದೆ ಒಬ್ಬರು ಕನಿಕರದಿಂದ ಇಡೀ ಹರಿಗೋಲನ್ನು, ನಾಯಿ ಸಂಸಾರದ ಸಮೇತ, ಬೇವಿನ ಮರದ ಕೆಳಗೆ ಎಳೆಸಿದರು. ನಾನು ಹೋದಾಗಲೆಲ್ಲ ದೊಡ್ಡವ್ವ ಅದರ ಅಂಚು ಸವರುತ್ತ ನಿಂತಿರುತ್ತಿದ್ದಳು. ಅವಳ ಬಾಯಲ್ಲಿ ನನ್ನನ್ನು ಅಣಕಿಸುವ ಮಾತು ಕಡಿಮೆಯಾಗಿತ್ತು. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗೆಳೆಯರು ಸುಮ್ಮನಿರಲಿಲ್ಲ. ನಾಲ್ಕೂ ಸಾಹೇಬರ ದನಿ ನಿನ್ನ ಗಂಟಲಲ್ಲಿದೆ, ಒಬ್ಬರ ದನಿಯಲ್ಲಿ ಇನ್ನೊಬ್ಬರಿಗೆ ಫೋನ್ ಮಾಡಿ ಕರೆಸಿಬಿಡು, ಮುಗಿಯಿತಲ್ಲ ಅಂದರು. ಹೊಳೆದಿರಲಿಲ್ಲ ಅಂತಲ್ಲ. ಆದರೆ ಅದು ಬಯಲಾದರೆ ನನ್ನ ಕೆಲಸ ಹೋಗುವುದು ಇರಲಿ, ಹರಿಗೋಲಿನ ಮೇಲೆ ಇನ್ನೊಂದು ಕೇಸು ಬೀಳುತ್ತಿತ್ತು. ಅಣಕ ಎದುರಿಗೇ ಮಾಡಬೇಕು, ನಗುವವರ ಮುಂದೆ ಮಾಡಬೇಕು. ಬೆನ್ನ ಹಿಂದೆ ಮಾಡಿದರೆ ಅದು ಕಳ್ಳತನ.

ದಾರಿ ತೋರಿಸಿದ್ದು ದೊಡ್ಡವ್ವನ ಮನೆತನದ ಪದ್ಧತಿ. ನಿಷೇಧ ಮುಗಿಯುವ ಮುಂಚೆ ಅವರು ಹರಿಗೋಲಿಗೆ ಪೂಜೆ ಮಾಡುತ್ತಾರೆ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆ ಹೊಳೆಯ ನೀರಿನ ಋಣ ಇರುವವರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕುತ್ತಾರೆ. ಆ ಪಂಕ್ತಿಗೆ ಒಂದು ಕಟ್ಟು ಇದೆ. ಕೂತ ಮೇಲೆ ಕೊನೆಯವರ ಊಟ ಮುಗಿಯುವ ತನಕ ಒಬ್ಬರೂ ಏಳುವಂತಿಲ್ಲ. ನಡುವೆ ಒಬ್ಬರು ಎದ್ದರೆ ಹರಿಗೋಲು ಒಂದು ಕಡೆ ವಾಲುತ್ತದೆ ಅನ್ನುವುದು ಅವರ ನಂಬಿಕೆ. ಹರಿಗೋಲು ಠಾಣೆಯಲ್ಲಿದ್ದುದರಿಂದ ಪೂಜೆಯೂ ಅಲ್ಲೇ ಆಗಬೇಕಾಯಿತು. ದೊಡ್ಡವ್ವ ಎಸ್.ಐ. ಮುಂದೆ ನಿಂತು ಕೇಳಿದಳು. ಬೇಡ ಅನ್ನಲು ಅವರಿಗೆ ಕಾರಣ ಸಿಗಲಿಲ್ಲ, ಜೀಪಿಗೂ ಬಂದೂಕಿಗೂ ಅದೇ ಅಂಗಳದಲ್ಲಿ ಪೂಜೆ ನಡೆಯುತ್ತದೆ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಲೇ ಗಿಣಿ, ನೀರಿನ ಋಣ ಇದ್ದೋರು ಅಂದ್ರ ನಿಮ್ಮ ಸಾಹೇಬ್ರೂ ಬರ್ತಾರ, ಅಡವ್ಯಾರೂ ಬರ್ತಾರ, ಡ್ಯಾಂನ್ಯಾರೂ ಬರ್ತಾರ. ಎಲ್ಲಾರಿಗೂ ಹೇಳಿ ಬಾ. ಹರಗೋಲ ಬಿಡಸ್ರಿ ಅಂತ ಹೇಳಬ್ಯಾಡ. ಉಣ್ಣಾಕ ಬರ್ರಿ ಅಂತ ಹೇಳು."

ಫೋನ್ ಮಾಡಿದೆ. ಅಣಕ ಮಾಡುವವನ ಪಾಡು ಆಗ ಗೊತ್ತಾಯಿತು. ಇಂಜಿನಿಯರು, ಯಾರದೋ ದನಿ ತೆಗೆದು ಆಟ ಆಡುತ್ತಿದ್ದೀಯಾ, ನಿಜವಾದ ಸಾಹೇಬರ ಕೈಲಿ ಮಾಡಿಸು ಅಂತ ಫೋನ್ ಇಟ್ಟರು. ಅರಣ್ಯದವರು ನನ್ನ ಸ್ವಂತ ದನಿ ಕೇಳಿ, ಇದು ಯಾರನ್ನು ಅಣಕ ಮಾಡಿದ್ದು, ಚೆನ್ನಾಗಿಲ್ಲ ಅಂದರು. ಕೊನೆಗೆ ಬೈಕು ಹತ್ತಿ ಟಿ.ಬಿ. ಡ್ಯಾಂ, ಹೊಸಪೇಟೆ ಎಲ್ಲ ಸುತ್ತಿ, ಮುಖ ತೋರಿಸಿ ಕರೆದು ಬಂದೆ. ಮುಖವನ್ನು ನಂಬಿದರು. ಅದಕ್ಕಿಂತ ಹೆಚ್ಚಾಗಿ ಮೀನಿನ ಸಾರನ್ನು ನಂಬಿದರು ಅಂತ ನನ್ನ ಅನುಮಾನ.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಚಾಪೆ ಹಾಸಿ ಬಾಳೆಎಲೆ ಇಟ್ಟೆವು. ಹರಿಗೋಲಿನ ಅಂಚಿಗೆ ಅರಿಶಿನ ಬಿತ್ತು, ನಾಯಿಮರಿಯೊಂದರ ಹಣೆಗೂ ಕುಂಕುಮ ಬಿತ್ತು. ನಾಲ್ವರೂ ಬಂದರು. ಸಭೆಯಲ್ಲಿ ನಾಲ್ಕು ಮೂಲೆ ಹಿಡಿಯುತ್ತಿದ್ದವರನ್ನು ದೊಡ್ಡವ್ವ ಹೆಗಲಿಗೆ ಹೆಗಲು ತಾಗುವಂತೆ ಕೂರಿಸಿದಳು. ಚಕ್ಕಂಬಕ್ಕಳ ಹಾಕಲು ಬಾರದ ಎಸ್.ಐ. ಬೂಟು ಬಿಚ್ಚಿ ಕಾಲು ಮಡಚುವಷ್ಟರಲ್ಲಿ ಬೆವತರು. ಕೂತ ಮೇಲೆ ಅವಳು ಕಟ್ಟು ತಿಳಿಸಿದಳು.

"ಉಂಡು ಮುಗಿಯೂ ತನಕ ಯಾರೂ ಏಳಬಾರದ್ರಿ ಸಾಹೇಬ್ರ. ಕಡೀ ಎಲಿ ಮುಗೀಬೇಕು. ನಮ್ಮ ಹಿರ್ಯಾರು ಮಾಡಿದ್ದು."

ಎಲ್ಲರೂ ತಲೆಯಾಡಿಸಿದರು. ತುಸು ಹೊತ್ತಿನ ಕೆಲಸ ಅಂದುಕೊಂಡಿರಬೇಕು. ನಾನು ಬಡಿಸುವವನು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೀನು ತಿನ್ನದ ಇಂಜಿನಿಯರಿಗೆ ಬದನೆಕಾಯಿ ಎಣ್ಣೆಗಾಯಿ, ಉಳಿದವರಿಗೆ ಮೀನಿನ ಸಾರು. ನಿಷೇಧದ ಕಾಲದಲ್ಲಿ ಮೀನು ಎಲ್ಲಿಂದ ಬಂತು ಅಂತ ಅರಣ್ಯದವರು ಪಿಸುಗುಟ್ಟಿದರು. ನಮ್ಮ ಸಾಹೇಬರು ತುಂಡನ್ನು ಬೆಳಕಿಗೆ ಹಿಡಿದು, ಹೊರಳಿಸಿ, ಬಸ್ಸು ಹೋಗುವಷ್ಟು ಬಿಡುವು ಕೊಟ್ಟು, ಕೆರೆಯಲ್ಲಿ ಸಾಕಿದ ಕಟ್ಲಾ, ಹೊಳೆಯದ್ದಲ್ಲ ಅಂತ ತೀರ್ಪು ಹೇಳಿದರು. ಅದೇ ಬಿಡುವಿನಲ್ಲಿ ಅವರು ಉಣ್ಣಲೂ ಶುರು ಮಾಡಿದರು.

ನಮ್ಮ ಸಾಹೇಬರ ಊಟದ ವಿಷಯ ನಾನು ಮೊದಲೇ ಹೇಳಬೇಕಿತ್ತು. ಇಡೀ ನೌಕರಿ ಮೀನಿನ ಜೊತೆ ಕಳೆದ ಅವರಿಗೆ ಮೀನಿನ ಮುಳ್ಳೆಂದರೆ ಭಯ. ಒಂದೊಂದು ತುತ್ತನ್ನೂ ಬಿಡಿಸಿ, ಮುಟ್ಟಿ, ಮತ್ತೆ ಬಿಡಿಸಿ, ಬಾಯಿಗಿಟ್ಟ ಮೇಲೆ ನಾಲಿಗೆಯಲ್ಲಿ ಮತ್ತೊಂದು ತಪಾಸಣೆ ನಡೆಸಿಯೇ ನುಂಗುತ್ತಾರೆ. ಉಳಿದ ಮೂವರ ಎಲೆ ಖಾಲಿಯಾಗಿ ಬೆರಳು ಒಣಗುತ್ತಿದ್ದಾಗ ಅವರು ಮೊದಲ ತುಂಡಿನ ಬೆನ್ನೆಲುಬಿನ ಹತ್ತಿರ ಇದ್ದರು.

ಎದ್ದು ಹೋಗುವಂತಿಲ್ಲ, ಎಂಜಲು ಕೈಯಲ್ಲಿ ಫೋನ್ ತೆಗೆಯುವಂತಿಲ್ಲ. ಮಾತಾಡದೆ ಬೇರೆ ದಾರಿ ಉಳಿಯಲಿಲ್ಲ. ಮೊದಲು ಸೆಖೆಯ ಮಾತು, ಆಮೇಲೆ ಮಕ್ಕಳ ಶಾಲೆಯ ಮಾತು. ಎಸ್.ಐ. ಏನಾದರೂ ಕೇಳಬೇಕಲ್ಲ ಅಂತ ಡ್ಯಾಂ ಎಷ್ಟು ತುಂಬಿದೆ ಅಂತ ಇಂಜಿನಿಯರನ್ನು ಕೇಳಿದರು.

"ತುಂಬಿದಂಗೇ ಅಪ್ಪಾ," ಇಂಜಿನಿಯರು ಎಲೆಯ ಅಂಚಿನ ಚಟ್ನಿಯನ್ನು ಬೆರಳಲ್ಲಿ ತೆಗೆಯುತ್ತ ಹೇಳಿದರು. "ಮ್ಯಾಲಿಂದ ನೀರು ಭಾಳ ಬರ್ತಾ ಐತಿ. ನಾಳೆ ಪೊದ್ದುನ್ನೇ, ಬೆಳಗ್ಗೇನೇ, ಗೇಟ್ ಎತ್ತತೀವಿ."

ಎಸ್.ಐ. ಮುಖ ಎತ್ತಿದರು. "ಗೇಟ್ ಎತ್ತುದ್ರೆ ಆ ಬಂಡೆ ಏನಾಯ್ತದೆ?"

"ಯಾವ ಬಂಡೆ? ಅಲ್ಲಿ ಬಂಡೆನೂ ಇರಲ್ಲ, ಏನೂ ಇರಲ್ಲ. ಬರೀ ನೀರು."

ನನ್ನ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. ಬಂಡೆ ಮುಳುಗಿದರೆ ಬಲೆ ಕೊಚ್ಚಿ ಹೋಗುತ್ತದೆ, ಬಲೆ ಹೋದರೆ ದೊಡ್ಡವ್ವನ ಮಾತಿಗೆ ಸಾಕ್ಷಿಯೇ ಇಲ್ಲ. ಮುಂದಿನ ವಾರ ಹೋದರಾಯಿತು ಅಂತ ಎಸ್.ಐ. ಇದ್ದರು. ಇನ್ನೂ ಸಮಯ ಇದೆ ಅಂತ ನಮ್ಮ ಸಾಹೇಬರಿದ್ದರು. ಗೇಟಿನ ಸುದ್ದಿ ಇಂಜಿನಿಯರಿಗೆ ದಿನಚರಿ, ಬಂಡೆ ಅವರ ವಿಷಯವಲ್ಲ. ಯಾರೂ ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೇ. ಅರಣ್ಯದವರು ನಾನು ಕಂಡಂತೆ ಮೊದಲ ಬಾರಿಗೆ ಜೋರಾಗಿ ಮಾತಾಡಿದರು.

"ಹಂಗಾದ್ರ ಇವತ್ತೇ ಹೋಗಬೇಕು. ಈಗಲೇ. ಇಂಜಿನ್ ಮಾತ್ರ ಬ್ಯಾಡ, ಹರಗೋಲನ್ಯಾಗ."

ಎಲ್ಲರೂ ಬೇವಿನ ಬುಡದ ಹರಿಗೋಲನ್ನು ನೋಡಿದರು. ಜಪ್ತಿಯಾದ ಮಾಲು ಅದು. ಎಸ್.ಐ., ನಾನೇ ಜೊತೆಗೆ ಇರ್ತೀನಲ್ಲ, ನನ್ನ ವಶದಲ್ಲೇ ಇದ್ದಂಗಾಯ್ತು, ಹೊರಡಾಣ ಅಂತ ಕಾಲು ಬಿಡಿಸಿದರು. ದೊಡ್ಡವ್ವ ಅವರ ಎದುರು ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ಆ ಹರಿಗೋಲು ಹೊರಗೆ ಹೋಗುವುದನ್ನು ಅವಳಷ್ಟು ಬಯಸಿದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ಹೇಳಿದ್ದು ಇಷ್ಟು.

"ಕುಂದ್ರಿ ಸಾಹೇಬ್ರ. ಕಡೀ ಎಲಿ ಇನ್ನಾ ಮುಗಿದಿಲ್ಲ."

ಎಸ್.ಐ. ಮತ್ತೆ ಕೂತರು. ಮೂರು ಇಲಾಖೆಗಳು ಒಟ್ಟಾಗಿ ನಮ್ಮ ಸಾಹೇಬರ ಎಲೆಯನ್ನು ನೋಡತೊಡಗಿದವು. ಅವರೂ ಪಾಪ ಅವಸರ ಮಾಡಲು ನೋಡಿದರು, ಅವಸರಕ್ಕೆ ತುಂಡು ಪುಡಿಯಾಗಿ ಮುಳ್ಳು ಇನ್ನೂ ಕಾಣದಾಯಿತು. ಆಗ ಅರಣ್ಯದವರು ಅವರ ಎಲೆಯಿಂದ ಒಂದು ತುಂಡು ತಮ್ಮ ಕಡೆ ಎಳೆದುಕೊಂಡು ಮುಳ್ಳು ಬಿಡಿಸಿ ಕೊಟ್ಟರು. ಇನ್ನೊಂದನ್ನು ಎಸ್.ಐ. ಬಿಡಿಸಿದರು. ಮೀನು ಮುಟ್ಟದ ಇಂಜಿನಿಯರು ನೀರಿನ ಲೋಟ ಹಿಡಿದು, ಇದು ಒಳಗೆ ಇಳಿಯಲಿ, ಆಮೇಲೆ ಅದು ಅಂತ ತುತ್ತಿಗೊಂದು ಗುಟುಕಿನಂತೆ ನೀರು ಬಿಟ್ಟರು. ಅಳತೆ ಮಾಡಿ ನೀರು ಬಿಡುವುದು ಅವರ ಕಸುಬೇ ಅಲ್ಲವೇ. ಅವತ್ತು ನನಗೆ ಯಾರನ್ನೂ ಅಣಕಿಸಬೇಕು ಅನ್ನಿಸಲಿಲ್ಲ. ಅಣಕಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ, ನನ್ನ ಬಾಯಲ್ಲಿ ಮಾತ್ರ ಜೊತೆಯಾಗುತ್ತಿದ್ದ ನಾಲ್ಕು ದನಿಗಳು ಎದುರಿಗೇ ಒಂದಾಗಿದ್ದವು.

ಕೊನೆಯ ತುತ್ತು ಇಳಿದ ಕೂಡಲೇ ಕೆಲಸ ಹೇಗೆ ಓಡಿತು ಅಂತ ಈಗ ನೆನೆದರೂ ನಗು ಬರುತ್ತದೆ. ನಾಯಿಮರಿಗಳನ್ನು ಮುಖ್ಯಪೇದೆಯ ಕುರ್ಚಿಯ ಕೆಳಗೆ ಬಿಟ್ಟರು, ತಾಯಿನಾಯಿ ಕುರ್ಚಿಯನ್ನೇ ವಶಪಡಿಸಿಕೊಂಡಿತು. ಹರಿಗೋಲನ್ನು ಪೊಲೀಸ್ ಜೀಪಿನ ಮೇಲೆ ಬೋರಲು ಹಾಕಿ ಕಟ್ಟಿದರು. ಜೀಪು ದೊಡ್ಡ ಟೋಪಿ ಹಾಕಿಕೊಂಡ ಹಾಗೆ ಹೊಳೆಯ ದಾರಿ ಹಿಡಿಯಿತು. ಇಂಜಿನಿಯರು ಗೋದಾಮಿಗೆ ಫೋನ್ ಮಾಡಿ ಜಾಕೆಟ್ಟುಗಳನ್ನು ತರಿಸಿದರು, ಆ ಜಾಕೆಟ್ಟು ನನ್ನ ಮೈಮೇಲೆ ಬಂದದ್ದು ಅವತ್ತೇ ಮೊದಲು.

ಹರಿಗೋಲು ನೀರಿಗೆ ಬಿದ್ದಾಗ ದೊಡ್ಡವ್ವ ಒಳಗೆ ಕೈ ಇಟ್ಟು ನೀರು ಒಸರುತ್ತದೆಯೋ ಅಂತ ಮುಟ್ಟಿ ನೋಡಿದಳು, ಒಂದು ಕಡೆ ತುಸು ಒಸರುತ್ತಿತ್ತು, ಸೆರಗಿನ ತುದಿ ತುರುಕಿದಳು. ನಾಲ್ವರನ್ನೂ ಸುತ್ತಲೂ ಸರಿದೂಗುವಂತೆ ಕೂರಿಸಿ ಹುಟ್ಟು ತಾನೇ ಹಿಡಿದಳು. ಬೋಟು ಓಡಿಸುವ ನನಗೆ ಒಸರಿದ ನೀರು ಎತ್ತಿ ಚೆಲ್ಲುವ ಕೆಲಸ. ಬಂಡೆಯ ಹತ್ತಿರ ಹೋದಾಗ ನೀರುನಾಯಿಯೊಂದು ತಲೆ ಎತ್ತಿ, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಮುಳುಗಿತು. ಅರಣ್ಯದವರು ತಮ್ಮ ಮಗುವನ್ನು ಶಾಲೆಯ ಗೇಟಿನಲ್ಲಿ ಕಂಡವರಂತೆ ಮುಖ ಮಾಡಿದರು.

ಬಲೆ ಎತ್ತಿದ್ದು ಎಸ್.ಐ. ಮತ್ತು ನಮ್ಮ ಸಾಹೇಬರು ಕೂಡಿ. ಅದರ ನಡುವೆ ಎಮ್ಮೆ ನುಗ್ಗುವಷ್ಟು ದೊಡ್ಡ ತೂತು. ಅಂಚಿನ ದಾರಗಳು ಸುಟ್ಟು ಗಂಟುಗಟ್ಟಿದ್ದವು, ಸೀಸದ ಗುಂಡುಗಳು ಚಪ್ಪಟೆಯಾಗಿದ್ದವು. ತೇಲುವ ಬೆಂಡುಗಳ ಮೇಲೆ ದೊಡ್ಡವ್ವ ಹಚ್ಚುವ ನೀಲಿ ಬಣ್ಣ ಮಾಸಿದ್ದರೂ ಕಾಣುತ್ತಿತ್ತು. ಪ್ರತಿವರ್ಷ ಪರವಾನಗಿ ಕೊಡುವಾಗ ನೋಡುವ ಬಣ್ಣ ಇದೇ ಅಂತ ನಮ್ಮ ಸಾಹೇಬರು ಹೇಳಿದರು, ಈ ಸಲ ಬಿಡುವು ಕೊಡದೆ. ಎಸ್.ಐ. ತೂತಿನೊಳಗೆ ಎರಡೂ ಕೈ ಚಾಚಿ ನೋಡಿದರು. ಆಮೇಲೆ ದೊಡ್ಡವ್ವನ ಕಡೆ ತಿರುಗಿ, ನಿಂದು ತಪ್ಪಿಲ್ಲ ತಾಯಿ, ಅವತ್ತೇ ಬಗ್ಗಿ ನೋಡಬೇಕಾಗಿತ್ತು ನಾನು ಅಂದರು. ಅವಳು ಹುಟ್ಟು ನಿಲ್ಲಿಸದೆ, ನೋಡಿದ್ರಲ್ಲ ಬಿಡ್ರಿ ಅಂದಳು.

ದಂಡೆಗೆ ಬಂದ ಮೇಲೆ ಅಲ್ಲೇ ಪಂಚನಾಮೆ ಬರೆದು ನಾಲ್ವರೂ ಸಹಿ ಹಾಕಿದರು. ಹರಿಗೋಲನ್ನು ದೊಡ್ಡವ್ವನ ವಶಕ್ಕೆ ಕೊಡುವಾಗ ಎಸ್.ಐ. ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು. ಹೆಗಲು ಕುಗ್ಗಿಸಿ, ಕತ್ತು ಒಂದು ಕಡೆ ಹಾಕಿ, ಕೀರಲು ದನಿಯಲ್ಲಿ ಶುರು ಮಾಡಿದರು.

"ಸರ, ಒಂದು ತುತ್ತು ಉಂಡು ಹೋಗ್ರಿ ಸರ, ದೊಡ್ಡವ್ವ ಭಾಳ ಪ್ರೀತಿಲೆ ಮಾಡ್ಯಾಳ ಸರ."

ನಾನು ಅವರನ್ನು ಊಟಕ್ಕೆ ಕರೆದ ರೀತಿ ಅದು. ದಂಡೆಯ ತುಂಬ ನಗು. ನಾನು ಅಷ್ಟು ಕೀರಲೇ ಅಂತ ಕೇಳಿದೆ, ನಾಲ್ಕೂ ಇಲಾಖೆ ಒಮ್ಮತದಿಂದ ಹೌದು ಅಂದವು. ದೊಡ್ಡವ್ವ ಬಹಳ ದಿನಗಳ ಮೇಲೆ ಬಾಯಿ ತೆರೆದು ನಕ್ಕಳು. ಅಣಕಿಸಿಕೊಳ್ಳುವುದರಲ್ಲಿ ಇಷ್ಟು ಸುಖ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗೇಟುಗಳು ಎದ್ದವು. ಆ ಬಂಡೆ ಇದ್ದ ಜಾಗದಲ್ಲಿ ಕೆಂಪು ನೀರು ಉರುಳುತ್ತಿತ್ತು. ನೀರು ಇಳಿದು ನಿಷೇಧ ಮುಗಿದ ದಿನ, ಹೊಸ ಡಾಂಬರು ಬಳಿದ ಹರಿಗೋಲು ದಂಡೆಯಲ್ಲಿ ಎಲ್ಲರಿಗಿಂತ ಮುಂದಿತ್ತು. ದೊಡ್ಡಪ್ಪ ಗಿರಣಿಯಿಂದ ಬಂದು ಅದರ ಪಕ್ಕದಲ್ಲಿ, ಚೀಲ ಇಲ್ಲದ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ಮದ್ದು ಎಸೆಯುವುದು ಪೂರ್ತಿ ನಿಂತಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಈಗ ಸದ್ದಾದರೆ ಹೊರಡುವುದು ಒಂದೇ ಜೀಪು, ಅದರಲ್ಲಿ ನಾಲ್ಕೂ ಇಲಾಖೆಯವರಿರುತ್ತಾರೆ. ಮುಂದಿನ ಬೇಸಿಗೆಯಲ್ಲಿ ಬತ್ತಿ ಹಚ್ಚುವ ಮುಂಚೆಯೇ ಒಂದು ಗುಂಪು ಸಿಕ್ಕಿಬಿದ್ದದ್ದು ಹಾಗೆಯೇ. ಗೇಟಿನ ಸುದ್ದಿ ಈಗ ಇಂಜಿನಿಯರು ಕೇಳದೆಯೇ ಹೇಳುತ್ತಾರೆ. ತಿಂಗಳ ಸಭೆಯಲ್ಲಿ ತನ್ನ ವಿಷಯ ಮುಗಿಯಿತೆಂದು ಯಾರಾದರೂ ಕುರ್ಚಿ ಹಿಂದೆ ಸರಿಸಿದರೆ, ಉಳಿದವರು ಕಡೀ ಎಲಿ ಇನ್ನಾ ಮುಗಿದಿಲ್ಲ ಅನ್ನುತ್ತಾರೆ. ಅವರು ಕೂರುತ್ತಾರೆ.

ಈ ಸಲದ ಪೂಜೆ ದೊಡ್ಡವ್ವನ ಮನೆಯ ಮುಂದೆ, ಹೊಳೆ ಕಾಣುವ ಜಾಗದಲ್ಲಿ ನಡೆಯಿತು. ನಿವೃತ್ತರಾದ ನಮ್ಮ ಸಾಹೇಬರನ್ನೂ ಕರೆದಿದ್ದಳು. ನಾನು ಸೌಟು ಹಿಡಿಯಲು ಹೋದಾಗ ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟು, ನನ್ನನ್ನು ಪಂಕ್ತಿಯ ಕೊನೆಯಲ್ಲಿ, ಎಸ್.ಐ. ಪಕ್ಕದಲ್ಲಿ ಕೂರಿಸಿದಳು. ನೀರಿನ ಋಣ ನಿನಗೂ ಐತಿ, ಉಣ್ಣು ಗಿಣಿ ಅಂದಳು. ಎದುರಿಗೆ ಹರಿಗೋಲು ಅರಿಶಿನ ಹಚ್ಚಿಕೊಂಡು ಬೋರಲು ಮಲಗಿತ್ತು. ಎಲ್ಲರ ಎಲೆಯೂ ಖಾಲಿಯಾಯಿತು, ನಮ್ಮ ಸಾಹೇಬರದೂ. ಅವರಿಗೆ ಈಗ ಮುಳ್ಳು ಬಿಡಿಸಿ ಕೊಡಲು ಎರಡೂ ಪಕ್ಕದಲ್ಲಿ ಜನ ಇದ್ದಾರೆ. ಕೊನೆಗೆ ನಾಲ್ಕು ಇಲಾಖೆಗಳು ಎಂಜಲು ಕೈ ಎತ್ತಿ ಹಿಡಿದುಕೊಂಡು ನನ್ನ ಎಲೆಯನ್ನೇ ನೋಡುತ್ತ ಕೂತವು.

ನಾನು ದೊಡ್ಡಪ್ಪನನ್ನು ಕರೆದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.